ಚಹದಂಗಡಿಯ ಗಣಕ

ಗಣಕ ಎಂಬ ಮಾತು ಇಂದು ನಮಗೆ ಒಂದು ಯಂತ್ರದ ಹೆಸರು. ಹಿಂದೆ ಅದು ಮನುಷ್ಯನ ಹೆಸರಾಗಿತ್ತು. ಎಣಿಸುವವನು ಗಣಕ, ಅರಮನೆಯ ಆಯವ್ಯಯ ನೋಡುವವನಿಗೂ, ಗ್ರಹಗತಿಯನ್ನು ಗುಣಿಸಿ ಹೇಳುವ ಜೋಯಿಸನಿಗೂ ಆ ಹೆಸರು ಸಲ್ಲುತ್ತಿತ್ತು. ಇಂಗ್ಲಿಷಿನಲ್ಲಿಯೂ ಕತೆ ಇದೇ. ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಕಂಪ್ಯೂಟರ್ ಎಂದರೆ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಮಾಡುವ ಕೆಲಸಗಾರನೆಂದೇ ಅರ್ಥ. ಕೆಲಸವು ಯಂತ್ರಕ್ಕೆ ಹೋದಾಗ ಹೆಸರೂ ಅದರ ಬೆನ್ನ ಹಿಂದೆಯೇ ಹೋಯಿತು.

ಇದೇ ಮನೆತನದ ಇನ್ನೊಂದು ಮಾತು ರೋಬೋ. ಚೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್. ಯು. ಆರ್.' ಎಂಬ ನಾಟಕದಿಂದ ಅದು ಲೋಕಕ್ಕೆಲ್ಲ ಹರಡಿತು. ಹೆಸರನ್ನು ಸೂಚಿಸಿಕೊಟ್ಟವನು ಅವನ ಅಣ್ಣ, ಚಿತ್ರಕಾರ ಜೋಸೆಫ್. ಚೆಕ್ ಭಾಷೆಯಲ್ಲಿ 'ರೋಬೋಟ' ಎಂದರೆ ಒಡೆಯನ ಹೊಲದಲ್ಲಿ ಒಕ್ಕಲು ಕೂಲಿಯಿಲ್ಲದೆ ಮಾಡಲೇಬೇಕಾದ ದುಡಿಮೆ. ಅದಕ್ಕೆ ಕನ್ನಡದಲ್ಲಿ ಹೊಸ ಪದವನ್ನು ಹುಡುಕಬೇಕಾಗಿಲ್ಲ. ಸಂಸ್ಕೃತದ 'ವಿಷ್ಟಿ'ಯಿಂದ ಬಂದ 'ಬಿಟ್ಟಿ' ನಮ್ಮಲ್ಲಿ ಬಹುಕಾಲದಿಂದ ಇದೆ. ರೋಬೋ ಎಂದರೆ ಬಿಟ್ಟಿಯಾಳು; ಬಿಟ್ಟಿ ಚಾಕರಿಗೆ ಹುಟ್ಟಿದವನು.

ಈಗ ವ್ಯಾಪಾರದ ಕಚೇರಿಗಳಲ್ಲಿ ಒಂದು ಹೊಸ ಬಗೆಯ ಬಿಟ್ಟಿಯಾಳು ಬಂದು ಕುಳಿತಿದ್ದಾನೆ. ಅವನಿಗೆ 'ರೊಬಾಟಿಕ್ ಪ್ರೊಸೆಸ್ ಆಟೊಮೇಶನ್' ಎಂದು ಉದ್ದನೆಯ ಹೆಸರು. ಬಲ್ಲವರು 'ಆರ್‌ಪಿಎ' ಎಂದು ಮೊಟಕುಗೊಳಿಸುತ್ತಾರೆ. ಕಬ್ಬಿಣದ ಕೈಕಾಲುಗಳುಳ್ಳ ಬೊಂಬೆಯೆಂದು ಓದುಗರು ಭಾವಿಸಬಾರದು. ಅವನಿಗೆ ದೇಹವೇ ಇಲ್ಲ. ಗುಮಾಸ್ತನೊಬ್ಬ ಕಂಪ್ಯೂಟರಿನ ಪರದೆಯ ಮುಂದೆ ಕುಳಿತು ದಿನವೆಲ್ಲ ಏನು ಮಾಡುತ್ತಾನೋ ಅದನ್ನೇ ಮಾಡುವ ಒಂದು ತಂತ್ರಾಂಶ ಅದು. ಸರಕು ಕೊಟ್ಟವನ ಬಿಲ್ಲು ಇ-ಮೇಲಿನಲ್ಲಿ ಬರುತ್ತದೆ. ಗುಮಾಸ್ತ ಅದನ್ನು ತೆರೆದು, ಬಿಲ್ಲಿನ ಸಂಖ್ಯೆ, ವ್ಯಾಪಾರಿಯ ಹೆಸರು, ಮೊತ್ತ ಇಷ್ಟನ್ನೂ ಲೆಕ್ಕದ ಖಾತೆಗೆ ಏರಿಸಿ, ಖರೀದಿಯ ಆದೇಶದೊಡನೆ ತಾಳೆ ನೋಡಿ, ಹಣ ಪಾವತಿಗೆ ಕಳುಹಿಸುತ್ತಾನೆ. ಒಂದು ಪರದೆಯಿಂದ ನಕಲು ಮಾಡುವುದು, ಇನ್ನೊಂದು ಪರದೆಯಲ್ಲಿ ಅಂಟಿಸುವುದು. ಈ ತಂತ್ರಾಂಶವೂ ಅದೇ ಪರದೆಗಳನ್ನು ತೆರೆದು, ಅದೇ ಮನೆಗಳನ್ನು ತುಂಬಿ, ಅದೇ ಗುಂಡಿಯನ್ನು ಒತ್ತುತ್ತದೆ. ಊಟಕ್ಕೆ ಏಳುವುದಿಲ್ಲ, ರಾತ್ರಿ ಮಲಗುವುದಿಲ್ಲ.

ಹಾಗಾದರೆ ಎರಡು ಕಂಪ್ಯೂಟರುಗಳೇ ನೇರವಾಗಿ ಮಾತನಾಡಿಕೊಳ್ಳಬಾರದೇಕೆ ಎಂದು ಕೇಳಬಹುದು. ದೊಡ್ಡ ಕಂಪೆನಿಗಳ ಕಚೇರಿ ಹಳೆಯ ಕಾಲದ ತೊಟ್ಟಿಯ ಮನೆಯಂತೆ. ಅಜ್ಜನ ಕಾಲದಲ್ಲಿ ಒಂದು ಅಂಕಣ, ಅಪ್ಪನ ಕಾಲದಲ್ಲಿ ಇನ್ನೊಂದು, ಮಗನ ಮದುವೆಗೆಂದು ಮತ್ತೊಂದು. ಸಂಬಳದ ಲೆಕ್ಕಕ್ಕೆ ಒಂದು ತಂತ್ರಾಂಶ, ಗಿರಾಕಿಗಳ ವಿವರಕ್ಕೆ ಮತ್ತೊಂದು, ಉಗ್ರಾಣಕ್ಕೆ ಬೇರೊಂದು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಗೋಡೆ ಒಡೆದು ಬಾಗಿಲಿಡಲು ಬಹಳ ಹಣ ಬೇಕು, ಬಹಳ ಕಾಲ ಬೇಕು. ಆದುದರಿಂದ ನಡುವೆ ಓಡಾಡುವ ಒಬ್ಬ ಆಳನ್ನು ಇಟ್ಟುಕೊಳ್ಳುವುದೇ ಸುಲಭವೆಂದು ತೋರುತ್ತದೆ. ಇಂಗ್ಲೆಂಡಿನಲ್ಲಿ 2001ರಲ್ಲಿ ಸ್ಥಾಪನೆಯಾದ ಬ್ಲೂ ಪ್ರಿಸಂ, ರುಮೇನಿಯದ ಬುಖಾರೆಸ್ಟಿನಲ್ಲಿ 2005ರಲ್ಲಿ ಬೇರೆ ಹೆಸರಿನಿಂದ ಹುಟ್ಟಿ ಮುಂದೆ ಯೂಐಪಾತ್ ಎನಿಸಿಕೊಂಡ ಕಂಪೆನಿ, ಇಂಥವು ಆ ಆಳುಗಳನ್ನು ಒದಗಿಸಿ ಹೆಸರಾದವು. ಹೊರದೇಶದ ಬ್ಯಾಂಕು, ವಿಮೆ, ದೂರವಾಣಿ ಕಂಪೆನಿಗಳ ಲೆಕ್ಕಪತ್ರ ನೋಡುವ ಬೆಂಗಳೂರಿನ ಕಚೇರಿಗಳಿಗೂ ಇವು ಹೊಸತಲ್ಲ.

ಇಂಥ ಆಳನ್ನು ಇಟ್ಟುಕೊಂಡ ಯಜಮಾನನಿಗೆ ಲಾಭವಾಗುವುದು ಯಾವಾಗ, ಕೈ ಸುಡುವುದು ಯಾವಾಗ? ಮಾರುವವರನ್ನು ಕೇಳಿದರೆ ಸಿಕ್ಕುವ ಉತ್ತರ ಒಂದು ಬಗೆಯದು. ಚರಿತ್ರೆಯನ್ನು ಕೇಳಿದರೆ ಅದು ನಮ್ಮನ್ನು ಎಪ್ಪತ್ತು ವರ್ಷಗಳಿಗೂ ಹಿಂದಕ್ಕೆ, ಲಂಡನ್ನಿನ ಒಂದು ಚಹದಂಗಡಿಗೆ ಕರೆದೊಯ್ಯುತ್ತದೆ.

* * *

ಜೆ. ಲಯನ್ಸ್ ಮತ್ತು ಕಂಪೆನಿ 1894ರಲ್ಲಿ ಲಂಡನ್ನಿನ ಪಿಕಡಿಲ್ಲಿ ಬೀದಿಯಲ್ಲಿ ತನ್ನ ಮೊದಲ ಚಹದಂಗಡಿಯನ್ನು ತೆರೆಯಿತು. ಮಧ್ಯಮ ವರ್ಗದವರು, ಕಚೇರಿಗೆ ಹೋಗುವ ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಕುಳಿತು, ಒಳ್ಳೆಯ ಚಹ ಕುಡಿದು, ಒಂದು ತುಂಡು ಕೇಕು ತಿಂದು ಬರಬಹುದಾದ ಅಂಗಡಿ ಅದು. ಕೆಲವು ದಶಕಗಳಲ್ಲಿ ಅಂಥವು ಇನ್ನೂರನ್ನು ದಾಟಿದವು. ಅವುಗಳ ಹಿಂದೆ ಕ್ಯಾಡ್ಬಿ ಹಾಲ್ ಎಂಬಲ್ಲಿ ದೊಡ್ಡ ಬೇಕರಿಗಳು, ಅಡಿಗೆಮನೆಗಳು, ಐಸ್‌ಕ್ರೀಮಿನ ಕಾರ್ಖಾನೆ.

ಈ ವ್ಯಾಪಾರದ ಗುಟ್ಟು ಏನೆಂದರೆ ಒಂದೊಂದು ಮಾರಾಟದಲ್ಲಿ ಉಳಿಯುವ ಲಾಭ ಬಹು ಸಣ್ಣದು. ಮಾರಾಟಗಳ ಸಂಖ್ಯೆ ಮಾತ್ರ ಅಪಾರ. ಒಂದು ಬಟ್ಟಲು ಚಹದ ಬಿಲ್ಲನ್ನು ಬರೆಯಲು, ಕೂಡಲು, ತಾಳೆ ನೋಡಲು ಆಗುವ ವೆಚ್ಚವೇ ಆ ಬಟ್ಟಲಿನ ಲಾಭವನ್ನು ನುಂಗಿಬಿಡಬಹುದು. ಆದುದರಿಂದ ಗುಮಾಸ್ತಿಕೆಯ ವೆಚ್ಚ ಈ ಕಂಪೆನಿಗೆ ಜೀವನ್ಮರಣದ ಪ್ರಶ್ನೆಯಾಗಿತ್ತು.

1923ರಲ್ಲಿ ಕೇಂಬ್ರಿಜಿನ ಗಣಿತದ ಪದವೀಧರ ಜಾನ್ ಸಿಮನ್ಸ್ ಎಂಬಾತ ಅಲ್ಲಿ ಕೆಲಸಕ್ಕೆ ಸೇರಿದರು. ಕಚೇರಿಯ ಕೆಲಸವನ್ನೂ ಒಂದು ಶಾಸ್ತ್ರದಂತೆ ಅಭ್ಯಾಸ ಮಾಡಬಹುದೆಂಬುದು ಅವರ ನಂಬಿಕೆ. 1932ರಲ್ಲಿ ಲಯನ್ಸ್ ಕಂಪೆನಿಯಲ್ಲಿ ಕಚೇರಿಯ ಪದ್ಧತಿಗಳನ್ನು ಸಂಶೋಧಿಸುವುದಕ್ಕೆಂದೇ ಒಂದು ವಿಭಾಗ ಆರಂಭವಾಯಿತು. ಅಲ್ಲಿಯವರ ಕೆಲಸ ಪ್ರತಿಯೊಂದು ಕಾಗದವನ್ನೂ ಹಿಡಿದು ಪ್ರಶ್ನಿಸುವುದು. ಈ ನಮೂನೆಯನ್ನು ಯಾರು ತುಂಬುತ್ತಾರೆ? ಯಾರು ಓದುತ್ತಾರೆ? ಓದಿ ಏನು ತೀರ್ಮಾನ ಮಾಡುತ್ತಾರೆ? ಯಾರೂ ಓದದಿದ್ದರೆ ಇದನ್ನು ಬರೆಯುವುದೇಕೆ?

ಈ ಸಂಗತಿಯನ್ನು ನಾವು ನೆನಪಿನಲ್ಲಿಡಬೇಕು. ಅವರು ಯಂತ್ರಕ್ಕಾಗಿ ಕೈಚಾಚಿದ್ದು 1947ರಲ್ಲಿ. ಅದಕ್ಕೆ ಹದಿನೈದು ವರ್ಷಗಳ ಹಿಂದಿನಿಂದಲೇ ಅವರು ಮನೆ ಗುಡಿಸುತ್ತಿದ್ದರು. ಕಸವಿದ್ದ ಮನೆಗೆ ಯಂತ್ರವನ್ನು ತಂದರೆ ಕಸವನ್ನೇ ವೇಗವಾಗಿ ಸಾಗಿಸಿದಂತಾಗುತ್ತದೆ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಲಯನ್ಸಿನವರು ಆ ಮಾತನ್ನು ಆಡದೆಯೇ ನಡೆಸಿದರು.

1947ರಲ್ಲಿ ಥಾಮ್ಸನ್, ಸ್ಟಾಂಡಿಂಗ್‌ಫರ್ಡ್ ಎಂಬ ಇಬ್ಬರು ಅಧಿಕಾರಿಗಳನ್ನು ಕಂಪೆನಿ ಅಮೆರಿಕಕ್ಕೆ ಕಳುಹಿಸಿತು. ಯುದ್ಧಕಾಲದಲ್ಲಿ ಅಲ್ಲಿಯ ಕಚೇರಿಗಳು ಏನು ಹೊಸತನ್ನು ಕಲಿತಿವೆ ಎಂದು ನೋಡಿಬರುವುದು ಅವರ ಕೆಲಸ. ಕಚೇರಿಗಳಲ್ಲಿ ಅವರಿಗೆ ವಿಶೇಷವೇನೂ ಕಾಣಲಿಲ್ಲ. ಫಿರಂಗಿ ಗುಂಡಿನ ದಾರಿಯನ್ನು ಲೆಕ್ಕ ಹಾಕಲು ಕಟ್ಟಿದ್ದ ವಿದ್ಯುನ್ಮಾನ ಯಂತ್ರಗಳ ವಿಷಯ ಮಾತ್ರ ಅವರ ಮನಸ್ಸನ್ನು ಹಿಡಿಯಿತು. ಗುಂಡಿನ ಲೆಕ್ಕ ಮಾಡುವ ಯಂತ್ರ ಬ್ರೆಡ್ಡಿನ ಲೆಕ್ಕವನ್ನೇಕೆ ಮಾಡಬಾರದು? ಪ್ರಿನ್ಸ್‌ಟನ್ನಿನಲ್ಲಿ ಅವರು ಕಂಡ ಗಣಿತಜ್ಞ ಹರ್ಮನ್ ಗೋಲ್ಡ್‌ಸ್ಟೈನ್, 'ನಿಮ್ಮ ಕೇಂಬ್ರಿಜಿನಲ್ಲಿಯೇ ಅಂಥದೊಂದನ್ನು ಕಟ್ಟುತ್ತಿದ್ದಾರಲ್ಲ' ಎಂಬ ಸುದ್ದಿ ಹೇಳಿದರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತಾಯಿತು.

ಕೇಂಬ್ರಿಜಿನಲ್ಲಿ ಮಾರಿಸ್ ವಿಲ್ಕ್ಸ್ ಅವರು ಎಡ್ಸ್ಯಾಕ್ ಎಂಬ ಯಂತ್ರವನ್ನು ಕಟ್ಟುತ್ತಿದ್ದರು. ಲಯನ್ಸ್ ಕಂಪೆನಿ 3,000 ಪೌಂಡ್ ಸಹಾಯ ಮಾಡಿ, ತನ್ನ ಒಬ್ಬ ಕೆಲಸಗಾರನನ್ನೂ ಅವರಿಗೆ ಎರವಲು ಕೊಟ್ಟಿತು. 1949ರ ಮೇ 6ರಂದು ಎಡ್ಸ್ಯಾಕ್ ತನ್ನ ಮೊದಲ ಲೆಕ್ಕವನ್ನು ಮಾಡಿದ ಮೇಲೆ ಚಹದಂಗಡಿಯವರು ತಮ್ಮದೇ ಯಂತ್ರವನ್ನು ಕಟ್ಟತೊಡಗಿದರು. ಯಂತ್ರದ ರಚನೆಯ ಹೊಣೆ ಜಾನ್ ಪಿಂಕರ್ಟನ್ ಎಂಬ ಎಂಜಿನಿಯರರದು. ಯಂತ್ರ ಮಾಡಬೇಕಾದ ಕೆಲಸದ ವಿಧಿಯನ್ನು ಗೊತ್ತುಪಡಿಸುವ ಹೊಣೆ ಡೇವಿಡ್ ಕ್ಯಾಮಿನರ್ ಎಂಬವರದು. ಯಂತ್ರಕ್ಕೆ ಅವರು ಇಟ್ಟ ಹೆಸರು 'ಲಯನ್ಸ್ ಎಲೆಕ್ಟ್ರಾನಿಕ್ ಆಫೀಸ್', ಮೊದಲಕ್ಷರಗಳನ್ನು ಕೂಡಿಸಿದರೆ 'ಲಿಯೋ'. ಹೆಸರಿನಲ್ಲಿಯೇ ಅವರ ಮನಸ್ಸು ತಿಳಿಯುತ್ತದೆ. ಅದನ್ನು ಅವರು ಕಂಪ್ಯೂಟರ್ ಎಂದು ಕರೆಯದೆ ಕಚೇರಿ ಎಂದು ಕರೆದರು.

ಸುಮಾರು 6,000 ವಾಲ್ವುಗಳು, ಪಾದರಸ ತುಂಬಿದ ಉದ್ದನೆಯ ಕೊಳವೆಗಳು. ಇಷ್ಟೆಲ್ಲ ಸೇರಿ ಒಂದು ದೊಡ್ಡ ಕೋಣೆಯನ್ನು ತುಂಬಿದ ಆ ಯಂತ್ರದ ನೆನಪಿನಲ್ಲಿ ಹಿಡಿಯುತ್ತಿದ್ದುದು 2,048 ಸಣ್ಣ ಸಂಖ್ಯೆಗಳು ಮಾತ್ರ. ಇಂದು ನಮ್ಮ ಜೇಬಿನ ಫೋನಿನಲ್ಲಿ ತೆಗೆದ ಒಂದು ಚಿತ್ರ ಅದರಲ್ಲಿ ಹಿಡಿಸುವಂತಿರಲಿಲ್ಲ. ಇಷ್ಟು ಸಣ್ಣ ತಲೆಯ ಯಂತ್ರ 1951ರ ನವೆಂಬರ್ ಕೊನೆಯಲ್ಲಿ ಬೇಕರಿಗಳ ವಾರದ ಲೆಕ್ಕವನ್ನು ಗುಮಾಸ್ತರ ಕೈಯಿಂದ ಪೂರ್ತಿಯಾಗಿ ತನ್ನ ಕೈಗೆ ತೆಗೆದುಕೊಂಡಿತು. ಎಷ್ಟು ರೊಟ್ಟಿ ಬೆಂದಿತು, ಎಷ್ಟು ಕೇಕು ಹೊರಗೆ ಹೋಯಿತು, ಅದಕ್ಕೆ ತಗಲಿದ ಬೆಲೆಯೆಷ್ಟು ಎಂಬ ಲೆಕ್ಕ ಅದು. ವಿದ್ಯುನ್ಮಾನ ಕಂಪ್ಯೂಟರೊಂದು ವ್ಯಾಪಾರದ ಕಚೇರಿಯ ಕೆಲಸವನ್ನು ವಾರವಾರವೂ ನಿಯತವಾಗಿ ಮಾಡಿದ್ದು ಲೋಕದಲ್ಲಿ ಅದೇ ಮೊದಲೆಂದು ಚರಿತ್ರಕಾರರು ಎಣಿಸುತ್ತಾರೆ.

* * *

ಲಿಯೋ ಯಂತ್ರದ ಎರಡು ಕೆಲಸಗಳನ್ನು ಸ್ವಲ್ಪ ವಿವರವಾಗಿ ನೋಡಬೇಕು. ಆರ್‌ಪಿಎ ಬಳಸುವವರು ಕಲಿಯಬೇಕಾದ ಪಾಠವೆಲ್ಲ ಅವೆರಡರಲ್ಲಿಯೇ ಇದೆ ಎಂದು ನನಗೆ ತೋರುತ್ತದೆ.

ಮೊದಲನೆಯದು ಸಂಬಳದ ಲೆಕ್ಕ. ತೆರಿಗೆ, ವಿಮೆ, ಹೆಚ್ಚುವರಿ ದುಡಿಮೆ, ಕಡಿತ ಎಲ್ಲವನ್ನೂ ನೋಡಿ ಒಬ್ಬ ಕೆಲಸಗಾರನ ಸಂಬಳವನ್ನು ಗೊತ್ತುಮಾಡಲು ನುರಿತ ಗುಮಾಸ್ತನಿಗೆ 8 ನಿಮಿಷ ಬೇಕಾಗುತ್ತಿತ್ತು. ಲಿಯೋ ಅದನ್ನು ಒಂದೂವರೆ ಸೆಕೆಂಡಿನಲ್ಲಿ ಮುಗಿಸುತ್ತಿತ್ತು. ಇಷ್ಟು ಲಾಭ ಕಣ್ಣೆದುರಿಗಿದ್ದರೂ ಅವರು ಅವಸರಪಡಲಿಲ್ಲ. ಬೇಕರಿಯ ಲೆಕ್ಕ ಒಂದು ದಿನ ತಡವಾದರೆ ಯಾರೂ ಉಪವಾಸವಿರುವುದಿಲ್ಲ; ಸಂಬಳ ತಡವಾದರೆ ಮನೆಮನೆಯಲ್ಲಿ ಒಲೆ ಹತ್ತುವುದಿಲ್ಲ. ಮಾಹಿತಿಯನ್ನು ಒಳಗೆ ತುಂಬಲು ಬೇರೊಂದು ಕಂಪೆನಿಯಿಂದ ತರಿಸಿದ್ದ ಆಯಸ್ಕಾಂತದ ಟೇಪು ಕೈಕೊಟ್ಟಾಗ, ಹೊಸತನದ ಮೋಹ ಬಿಟ್ಟು ಹಳೆಯ ತೂತುಚೀಟಿಗಳಿಗೆ ಹಿಂತಿರುಗಿದರು. ಗುಮಾಸ್ತರು ಕೈಯಿಂದ ಮಾಡಿದ ಲೆಕ್ಕವನ್ನೂ ಯಂತ್ರ ಮಾಡಿದ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟು ವಾರಗಟ್ಟಲೆ ತಾಳೆ ನೋಡಿದರು. 1953–54ರ ಚಳಿಗಾಲದಲ್ಲಿ, ಬೇಕರಿಯ ನೌಕರರಿಂದ ಆರಂಭಿಸಿ, ನಿಜವಾದ ಸಂಬಳವನ್ನು ಯಂತ್ರಕ್ಕೆ ಒಪ್ಪಿಸಿದರು.

ಕ್ಯಾಮಿನರ್ ಅವರು ತಪ್ಪಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನ ಮನುಷ್ಯ. ಯಂತ್ರ ತಪ್ಪುತ್ತದೆ, ಯಂತ್ರಕ್ಕೆ ಬರೆದುಕೊಡುವವನು ತಪ್ಪುತ್ತಾನೆ, ಚೀಟಿಗೆ ತೂತು ಹೊಡೆಯುವವಳು ತಪ್ಪುತ್ತಾಳೆ ಎಂದು ಮೊದಲೇ ಹಿಡಿದುಕೊಂಡು ಅವರ ವಿಧಿಗಳೆಲ್ಲ ರಚಿತವಾಗುತ್ತಿದ್ದವು. ಒಳಗೆ ಹೋದ ಮೊತ್ತ, ಹೊರಗೆ ಬಂದ ಮೊತ್ತ ಹೆಜ್ಜೆಹೆಜ್ಜೆಗೂ ತಾಳೆಯಾಗಬೇಕು. ಯಂತ್ರ ನಡುವೆ ನಿಂತರೆ ಎಲ್ಲಿಂದ ಮತ್ತೆ ಹೊರಡಬೇಕೆಂಬುದೂ ಮೊದಲೇ ಗೊತ್ತಾಗಿರಬೇಕು. ಇದರಲ್ಲಿ ಹೊಸ ತತ್ತ್ವವೇನೂ ಇಲ್ಲ. ನಮ್ಮ ಹಳೆಯ ಅಂಗಡಿಯ ಶೆಟ್ಟರು ರಾತ್ರಿ ದೀಪದ ಬೆಳಕಿನಲ್ಲಿ ಜಮಾಖರ್ಚು ಹೊಂದುವವರೆಗೆ ಊಟಕ್ಕೆ ಏಳುತ್ತಿರಲಿಲ್ಲವಷ್ಟೆ? ಅದೇ ವ್ರತವನ್ನು ಅವರು ಯಂತ್ರಕ್ಕೂ ಕಲಿಸಿದರು.

ಎರಡನೆಯದು ಚಹದಂಗಡಿಗಳ ಬೇಡಿಕೆ. ಪ್ರತಿಯೊಂದು ಅಂಗಡಿಗೂ ಒಬ್ಬಾಕೆ ಮೇಲ್ವಿಚಾರಕಿ. ನಾಳೆಗೆ ಎಷ್ಟು ಬನ್ನು, ಎಷ್ಟು ಕೇಕು, ಎಷ್ಟು ಮಾಂಸದ ಕಡುಬು ಬೇಕೆಂದು ಆಕೆ ದಿನವೂ ಉದ್ದನೆಯ ಪಟ್ಟಿ ಬರೆದು ಕ್ಯಾಡ್ಬಿ ಹಾಲಿಗೆ ತಲುಪಿಸಬೇಕಾಗಿತ್ತು. ಆ ಪಟ್ಟಿಗಳನ್ನೆಲ್ಲ ಕೂಡಿಸಿ ಬೇಕರಿಗೆ ಹೇಳಬೇಕು, ಅಂಗಡಿಅಂಗಡಿಗೂ ಪ್ರತ್ಯೇಕವಾಗಿ ಕಟ್ಟಿಸಬೇಕು. ಇಂದಿನ ಅವಸರದ ಬುದ್ಧಿಗೆ ಹೊಳೆಯುವುದೇನು? ಆ ಪಟ್ಟಿಗಳನ್ನು ಹಾಗೆಯೇ ಯಂತ್ರಕ್ಕೆ ತುಂಬುವ ಉಪಾಯ ಹುಡುಕುವುದು. ಲಯನ್ಸಿನವರು ಪಟ್ಟಿಯನ್ನೇ ಪ್ರಶ್ನಿಸಿದರು. ಸೋಮವಾರದ ಬೇಡಿಕೆ ಹಿಂದಿನ ಸೋಮವಾರದ ಬೇಡಿಕೆಗಿಂತ ಎಷ್ಟು ಬೇರೆ? ಬಹುಪಾಲು ಒಂದೇ. ಹಾಗಿದ್ದ ಮೇಲೆ ದಿನವೂ ಎಲ್ಲವನ್ನೂ ಬರೆಯುವುದೇಕೆ?

1954ರಲ್ಲಿ ಹೊಸ ಕ್ರಮ ಬಂದಿತು. ಅಂಗಡಿಯೊಂದಕ್ಕೆ ವಾರದ ಯಾವ ದಿನಕ್ಕೆ ಎಷ್ಟು ಸರಕು ವಾಡಿಕೆಯೋ ಅದು ಯಂತ್ರದ ಬಳಿ ಇರುತ್ತಿತ್ತು. ಮಧ್ಯಾಹ್ನ ಗೊತ್ತಾದ ಹೊತ್ತಿಗೆ ಕ್ಯಾಡ್ಬಿ ಹಾಲಿನಿಂದ ಒಬ್ಬ ಹೆಣ್ಣುಮಗಳು ಅಂಗಡಿಗೆ ದೂರವಾಣಿ ಮಾಡುತ್ತಿದ್ದಳು. ಮೇಲ್ವಿಚಾರಕಿ ವಾಡಿಕೆಗಿಂತ ಬೇರೆಯಾದದ್ದನ್ನು ಮಾತ್ರ ಹೇಳಿದರೆ ಸಾಕು. ನಾಳೆ ಎದುರಿನ ಮೈದಾನದಲ್ಲಿ ಆಟವಿದೆ, ಬನ್ನು ಹೆಚ್ಚು ಬೇಕು, ಮಳೆ ಬರುವಂತಿದೆ, ಐಸ್‌ಕ್ರೀಮು ಕಡಿಮೆ ಸಾಕು, ಹೀಗೆ. ಕಿವಿಗೆ ಫೋನು ಕಟ್ಟಿಕೊಂಡ ಹುಡುಗಿ ಕೇಳುತ್ತ ಕೇಳುತ್ತಲೇ ಚೀಟಿಗೆ ತೂತು ಹೊಡೆಯುತ್ತಿದ್ದಳು. ಉಳಿದ ಕೂಡುವ, ಹಂಚುವ, ಕಟ್ಟುವ ಪಟ್ಟಿ ಬರೆಯುವ ಕೆಲಸವೆಲ್ಲ ಲಿಯೋಗೆ ಸೇರಿದ್ದು. ಬೆಳಗಾದರೆ ಸರಕು ಅಂಗಡಿಯ ಬಾಗಿಲಲ್ಲಿ.

ಈ ಏರ್ಪಾಡಿನ ಚೆಲುವನ್ನು ನೋಡಿ. ದಿನವೂ ಒಂದೇ ಬಗೆಯಾಗಿ ನಡೆಯುವುದು ಯಂತ್ರದ ಪಾಲು. ದಿನಕ್ಕೊಂದು ಬಗೆಯಾಗುವುದು ಮನುಷ್ಯನ ಪಾಲು. ಎದುರಿನ ಮೈದಾನದಲ್ಲಿ ನಾಳೆ ಆಟವಿದೆಯೆಂಬುದು ಯಂತ್ರಕ್ಕೆ ತಿಳಿಯದು, ಅಂಗಡಿಯ ಬಾಗಿಲಲ್ಲಿ ನಿಂತ ಹೆಂಗಸಿಗೆ ತಿಳಿದಿರುತ್ತದೆ. ಅವಳ ತಿಳಿವಳಿಕೆ ಯಂತ್ರದೊಳಕ್ಕೆ ಹೋಗಲು ದಿನವೂ ಒಂದು ಬಾಗಿಲು ತೆರೆದಿತ್ತು.

ಯಂತ್ರಕ್ಕೆ ವಿಧಿ ಬರೆಯುವವರನ್ನು ಹುಡುಕಲು ಲಯನ್ಸಿನವರು ಊರೂರು ಅಲೆಯಲಿಲ್ಲ. ತಮ್ಮ ಕಚೇರಿಯವರಿಗೇ ಒಂದು ಪರೀಕ್ಷೆಯಿಟ್ಟು ಆರಿಸಿದರು. ಹಾಗೆ 1952ರಲ್ಲಿ ಆಯ್ಕೆಯಾದವರಲ್ಲಿ ಮೇರಿ ಕೂಂಬ್ಸ್ ಒಬ್ಬರು. ಅವರು ಫ್ರೆಂಚ್ ಭಾಷೆಯ ಪದವೀಧರೆ. ವ್ಯಾಪಾರದ ಕಂಪ್ಯೂಟರಿಗೆ ಪ್ರೋಗ್ರಾಮು ಬರೆದ ಮೊದಲ ಮಹಿಳೆಯೆಂದು ಅವರನ್ನು ನೆನೆಯುತ್ತಾರೆ. ಭಾಷೆಯನ್ನು ಪಾಠ ಹೇಳುವ ನನ್ನಂಥವನಿಗೆ ಇದನ್ನು ಓದಿ ಸಂತೋಷವಾಗುವುದು ಸಹಜ. ಆದರೆ ಅದಕ್ಕಿಂತ ಮುಖ್ಯವಾದುದು ಬೇರೆ. ಕಚೇರಿಯ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಒಳಗಿನಿಂದ ಬಲ್ಲವರೇ ಯಂತ್ರದ ಗುರುಗಳಾದರು.

* * *

ಈ ಪಾಠಗಳು ಈ ಶತಮಾನದಲ್ಲಿಯೂ ಫಲಿಸಿದ ಒಂದು ಉದಾಹರಣೆಯಿದೆ. ಲಿಯೋ ತಂಡದ ಫ್ರಾಂಕ್ ಲ್ಯಾಂಡ್ ಎಂಬವರು 1967ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿ, ಕಚೇರಿ ಮತ್ತು ಕಂಪ್ಯೂಟರುಗಳ ಸಂಬಂಧವನ್ನು ಅಲ್ಲಿ ಒಂದು ಅಧ್ಯಯನದ ವಿಷಯವನ್ನಾಗಿ ಮಾಡಿದರು. ಅದೇ ವಿದ್ಯಾಸಂಸ್ಥೆಯಿಂದ 2015ರಲ್ಲಿ ಮೇರಿ ಲೇಸಿಟಿ, ಲೆಸ್ಲಿ ವಿಲ್ಕಾಕ್ಸ್ ಎಂಬ ವಿದ್ವಾಂಸರು ಆರ್‌ಪಿಎ ವಿಷಯವಾಗಿ ಒಂದು ವರದಿಯನ್ನು ಹೊರತಂದರು. ಬ್ರಿಟನ್ನಿನ ದೂರವಾಣಿ ಕಂಪೆನಿ ಟೆಲಿಫೋನಿಕಾ ಓ-ಟೂ 2010ರಲ್ಲಿ ಈ ಪ್ರಯೋಗಕ್ಕೆ ಕೈಹಾಕಿತ್ತು. ಗಿರಾಕಿಯ ಹಳೆಯ ಸಿಮ್ಮಿನ ಬದಲು ಹೊಸದನ್ನು ಜೋಡಿಸುವಂಥ, ಸಾವಿರಾರು ಸಲ ಒಂದೇ ಬಗೆಯಾಗಿ ನಡೆಯುವ, ನಿಯಮ ಸ್ಪಷ್ಟವಾಗಿರುವ ಸಣ್ಣ ಕೆಲಸಗಳನ್ನು ಅದು ಮೊದಲು ಆರಿಸಿಕೊಂಡಿತು. ಒಂದೆರಡನ್ನು ಪರೀಕ್ಷಿಸಿ, ಲೆಕ್ಕ ನೋಡಿ, ಆಮೇಲೆ ಉಳಿದವಕ್ಕೆ ಹೋಯಿತು. 2015ರ ಹೊತ್ತಿಗೆ ಅಲ್ಲಿ 160ಕ್ಕೂ ಹೆಚ್ಚು ಇಂಥ 'ರೋಬೋ'ಗಳು ತಿಂಗಳಿಗೆ 4 ರಿಂದ 5 ಲಕ್ಷ ವ್ಯವಹಾರಗಳನ್ನು ನಡೆಸುತ್ತಿದ್ದವು. ನಿಯತವಾದುದನ್ನು ಯಂತ್ರಕ್ಕೆ ಕೊಡು, ವಿಶೇಷವಾದುದನ್ನು ಮನುಷ್ಯನಿಗೆ ಬಿಡು ಎಂಬ ಚಹದಂಗಡಿಯ ಸೂತ್ರವೇ ಇಲ್ಲಿಯೂ ನಡೆದಿರುವುದು.

ಈ ಬಿಟ್ಟಿಯಾಳಿನ ದೌರ್ಬಲ್ಯವನ್ನೂ ಹೇಳಬೇಕು. ಅವನಿಗೆ ಪರದೆಯ ಮೇಲಿನ ರೂಪವೇ ಸರ್ವಸ್ವ. ಗುಂಡಿಯನ್ನು ಎಡದಿಂದ ಬಲಕ್ಕೆ ಸರಿಸಿದರೂ ಅವನು ಕಕ್ಕಾಬಿಕ್ಕಿಯಾಗಬಹುದು. ಸಂಖ್ಯೆಗೆ ಒಂದು ಸೊನ್ನೆ ಹೆಚ್ಚು ಬಿದ್ದಿದ್ದರೆ ಗುಮಾಸ್ತನ ಹುಬ್ಬು ಮೇಲೇರುತ್ತದೆ. ಹುಬ್ಬೇರಿಸಬೇಕೆಂದು ಯಾರೂ ಬರೆದುಕೊಡದಿದ್ದರೆ ಇವನು ಆ ಸೊನ್ನೆಯನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತಾನೆ, ರಾತ್ರಿಯೆಲ್ಲ ಮಾಡುತ್ತಾನೆ. ಇನ್ನೊಂದು ಅಪಾಯವಿದೆ. ಕೆಲಸವನ್ನು ಕೈಯಿಂದ ಮಾಡುತ್ತಿದ್ದ ಹಳಬರು ನಿವೃತ್ತರಾದ ಮೇಲೆ, ಇದನ್ನು ಹೀಗೆಯೇ ಏಕೆ ಮಾಡುತ್ತಿದ್ದೇವೆಂದು ಬಲ್ಲವರು ಕಚೇರಿಯಲ್ಲಿ ಒಬ್ಬರೂ ಉಳಿಯದೆ ಹೋಗಬಹುದು. ಆದುದರಿಂದ ಪ್ರತಿಯೊಂದು ರೋಬೋಗೂ ಒಬ್ಬ ಜವಾಬುದಾರ ಇರಬೇಕು, ಅದು ಮಾಡಿದ ಪ್ರತಿಯೊಂದು ಕೆಲಸದ ಜಾಡೂ ಉಳಿದಿರಬೇಕು.

ಜಾಡು ಇಲ್ಲದಿದ್ದರೆ, ಜವಾಬುದಾರ ಇಲ್ಲದಿದ್ದರೆ ಏನಾಗುತ್ತದೆ? ಅದಕ್ಕೂ ಉತ್ತರ ಅದೇ ದೇಶದಲ್ಲಿದೆ, ಅದೇ ವಂಶದಲ್ಲಿದೆ.

ಲಿಯೋ ಯಂತ್ರದ ಹೆಸರು ಹರಡಿ, ಹೊರಗಿನವರ ಕೆಲಸವೂ ಬರತೊಡಗಿತು. ಫೋರ್ಡ್ ಮೋಟಾರು ಕಾರ್ಖಾನೆಯ ಸಂಬಳದ ಲೆಕ್ಕವೂ ಅದರಲ್ಲಿ ಆಯಿತು. 1954ರಲ್ಲಿ ಲಯನ್ಸಿನವರು ಕಂಪ್ಯೂಟರಿಗೆಂದೇ ಬೇರೆ ಕಂಪೆನಿ ಕಟ್ಟಿದರು. ಆದರೆ ಬ್ರೆಡ್ಡು ಮಾರುವವರಿಗೆ ಆ ವ್ಯವಹಾರದ ಬಂಡವಾಳ ಹೊರಲಾರದ ಭಾರವಾಯಿತು. 1963ರಲ್ಲಿ ಅದು ಇಂಗ್ಲಿಷ್ ಎಲೆಕ್ಟ್ರಿಕ್ ಕಂಪೆನಿಯ ಕಂಪ್ಯೂಟರ್ ವಿಭಾಗದೊಡನೆ ಕೂಡಿಕೊಂಡಿತು. 1968ರಲ್ಲಿ ಐಸಿಎಲ್ ಎಂಬ ದೊಡ್ಡ ಸಂಸ್ಥೆಯಲ್ಲಿ ಕರಗಿತು. 1990ರಲ್ಲಿ ಐಸಿಎಲ್‌ನ ಬಹುಪಾಲು ಜಪಾನಿನ ಫುಜಿತ್ಸು ಕಂಪೆನಿಯ ವಶವಾಯಿತು. ಬ್ರಿಟನ್ನಿನ ಅಂಚೆ ಕಚೇರಿಗಳ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸುವ 'ಹೊರೈಜನ್' ಎಂಬ ಏರ್ಪಾಡನ್ನು 1999ರಿಂದ ಕಚೇರಿಕಚೇರಿಗೂ ಹೂಡಿದ್ದು ಇದೇ ಐಸಿಎಲ್, ಫುಜಿತ್ಸು.

ಹೊರೈಜನ್ ಆರ್‌ಪಿಎ ಅಲ್ಲ, ನಿಜ. ಆದರೆ ಗುಮಾಸ್ತನ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿದವರು ಎಲ್ಲಿ ತಪ್ಪಬಹುದೆಂಬುದಕ್ಕೆ ಅದಕ್ಕಿಂತ ಕಹಿಯಾದ ನಿದರ್ಶನ ಸಿಕ್ಕುವುದು ಕಷ್ಟ. ಅಲ್ಲಿಯ ಹಳ್ಳಿಗಳಲ್ಲಿ, ಬಡಾವಣೆಗಳಲ್ಲಿ ಅಂಚೆ ಕಚೇರಿಯನ್ನು ನಡೆಸುವವರು ಬಹುಮಟ್ಟಿಗೆ ಸಣ್ಣ ಅಂಗಡಿಕಾರರು. ಕರಾರಿನ ಮೇಲೆ ಕೆಲಸ ಮಾಡುವವರು. ಲೆಕ್ಕದಲ್ಲಿ ಕೊರತೆ ಬಂದರೆ ತಮ್ಮ ಕೈಯಿಂದ ತುಂಬಿಕೊಡಬೇಕೆಂಬುದು ಕರಾರು. ಯಂತ್ರ ಬಂದ ಮೇಲೆ ಕೊರತೆಗಳು ತೋರತೊಡಗಿದವು. ಹಣ ಎಲ್ಲಿಯೂ ಹೋಗಿರಲಿಲ್ಲ. ತಂತ್ರಾಂಶದ ದೋಷದಿಂದ ಪರದೆಯ ಮೇಲೆ ಮಾತ್ರ ಕೊರತೆ. ಕೆಲವರು ಉಳಿತಾಯ ಕಳೆದರು, ಕೆಲವರು ಮನೆ ಅಡವಿಟ್ಟರು. ಕಂಪೆನಿಯವರು ದೂರದಿಂದಲೇ ಕಚೇರಿಗಳ ಲೆಕ್ಕದೊಳಗೆ ಕೈಯಾಡಿಸಲು ಸಾಧ್ಯವಿತ್ತು; ಅದು ಸಾಧ್ಯವೇ ಇಲ್ಲವೆಂದು ಬಹುಕಾಲ ಹೇಳಲಾಯಿತು.

ಕಾನೂನೂ ಯಂತ್ರದ ಕಡೆಗೇ ನಿಂತಿತು. ಕಂಪ್ಯೂಟರಿನ ಸಾಕ್ಷ್ಯವನ್ನು ಮುಂದಿಡುವವರು ಆ ಕಂಪ್ಯೂಟರು ಸರಿಯಾಗಿ ನಡೆಯುತ್ತಿತ್ತೆಂದು ತೋರಿಸಬೇಕು ಎಂಬ ನಿಬಂಧನೆ ಇಂಗ್ಲೆಂಡಿನಲ್ಲಿ ಮೊದಲು ಇತ್ತು. 1999ರ ಒಂದು ಶಾಸನ ಅದನ್ನು ತೆಗೆದುಹಾಕಿತು. ಅಲ್ಲಿಂದ ಮುಂದೆ ಯಂತ್ರ ಸರಿಯೆಂದೇ ಊಹೆ. ತಪ್ಪೆಂದು ತೋರಿಸುವ ಭಾರ ಆಪಾದಿತನ ಮೇಲೆ. ತೋರಿಸಲು ಬೇಕಾದ ದಾಖಲೆಗಳಾದರೋ ಎದುರು ಪಕ್ಷದವರ ಪೆಟ್ಟಿಗೆಯಲ್ಲಿ! ಹೀಗೆ 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಕಳವು, ಸುಳ್ಳು ಲೆಕ್ಕ ಮೊದಲಾದ ಅಪರಾಧಗಳಿಗೆ ಗುರಿಯಾದರು. ಸರ್ರೆ ಪ್ರಾಂತದಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದ ಭಾರತ ಮೂಲದ ಒಬ್ಬ ಹೆಣ್ಣುಮಗಳು 2010ರಲ್ಲಿ ಸೆರೆಮನೆಗೆ ಹೋದಳು. ಆಗ ಅವಳು ಗರ್ಭಿಣಿ. ಅವಳ ಮೇಲಿನ ತೀರ್ಪು ರದ್ದಾದದ್ದು 2021ರಲ್ಲಿ.

ವೇಲ್ಸ್ ನಾಡಿನ ಲ್ಯಾಂಡಡ್ನೋದಲ್ಲಿ ಅಂಚೆ ಕಚೇರಿ ಕಳೆದುಕೊಂಡ ಅಲನ್ ಬೇಟ್ಸ್ ಎಂಬವರು ಮುಂದಾಳಾಗಿ 555 ಮಂದಿ ಹೂಡಿದ ದಾವೆಯಲ್ಲಿ, ಹೊರೈಜನ್‌ನಲ್ಲಿ ದೋಷಗಳಿದ್ದವು ಎಂದು 2019ರ ಡಿಸೆಂಬರಿನಲ್ಲಿ ನ್ಯಾಯಾಲಯ ತೀರ್ಮಾನಿಸಿತು. 2024ರಲ್ಲಿ ಪಾರ್ಲಿಮೆಂಟು ವಿಶೇಷ ಶಾಸನವೊಂದರಿಂದ ನೂರಾರು ತೀರ್ಪುಗಳನ್ನು ಒಟ್ಟಾಗಿ ಅಳಿಸಿಹಾಕಿತು. ವಿಚಾರಣಾ ಆಯೋಗ 2025ರ ಜುಲೈಯಲ್ಲಿ ಹೊರತಂದ ಮೊದಲ ಸಂಪುಟದಲ್ಲಿ, ಕನಿಷ್ಠ 13 ಮಂದಿಯ ಆತ್ಮಹತ್ಯೆಗೆ ಈ ಪ್ರಕರಣದ ಸಂಬಂಧವಿರಬಹುದೆಂದು ಹೇಳಿದೆ. ಶಾಸನ ತೀರ್ಪನ್ನು ಅಳಿಸಬಹುದು, ಹೋದ ಜೀವವನ್ನು ತರಲಾರದು.

ಚಹದಂಗಡಿಯ ಯಂತ್ರ ಕಟ್ಟಿದವರಿಗೂ ಅಂಚೆಯ ಯಂತ್ರ ಕಟ್ಟಿದವರಿಗೂ ನಡುವೆ ಅರ್ಧ ಶತಮಾನವಿದೆ. ಆ ಜನ ಬೇರೆ, ಈ ಜನ ಬೇರೆ. ಕಂಪೆನಿಯಿಂದ ಕಂಪೆನಿಗೆ ಆಸ್ತಿ ಬಂದಿತು, ವ್ರತ ಬರಲಿಲ್ಲ ಎಂದಷ್ಟೇ ಹೇಳಬಹುದು.

* * *

ನಮ್ಮ ನಾಡಿನ ಮಾತನ್ನು ಒಂದಿಷ್ಟು ಸೇರಿಸುತ್ತೇನೆ. ಶಾನುಭೋಗರ ಕಾಲದಿಂದ ಗ್ರಾಮಲೆಕ್ಕಿಗರ ಕಾಲದವರೆಗೆ ನಮ್ಮ ರೈತನ ಪಹಣಿ ಕೈಬರಹದ ಪುಸ್ತಕದಲ್ಲಿತ್ತು. ಆ ಪುಸ್ತಕ ಬರೆಯುವವನ ವಶದಲ್ಲಿತ್ತು. ಕಳೆದ ಶತಮಾನದ ಕೊನೆಯಲ್ಲಿ ಆರಂಭವಾದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟವನಿಗೆ ಅಚ್ಚಾದ ಪ್ರತಿ ಕೈಗೆ ಬರುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ನೋಡಬೇಕೆಂದು ಯಂತ್ರ ಹಿಡಿದುಕೊಂಡಿತು. ಕೈ ಬೆಚ್ಚಗೆ ಮಾಡಿದವನ ಅರ್ಜಿ ಮೇಲಕ್ಕೆ ಬರುವ ದಾರಿ ಅಷ್ಟರಮಟ್ಟಿಗೆ ಮುಚ್ಚಿತು. ಇದು ಯಂತ್ರ ಚೆನ್ನಾಗಿ ಮಾಡುವ ಕೆಲಸ. ಆದರೆ ಅಣ್ಣತಮ್ಮಂದಿರಲ್ಲಿ ತಕರಾರಿದ್ದರೆ ಅದನ್ನು ಕೇಳಿ ತೀರ್ಮಾನಿಸುವುದು ಅಧಿಕಾರಿಗೇ ಉಳಿಯಿತು. ಅದು ಹಾಗೆಯೇ ಇರಬೇಕಾದುದು. ಕೂಡಿಸುವುದು ಬೇರೆ, ಕೇಳುವುದು ಬೇರೆ.

ಬಿಟ್ಟಿಯಾಳುಗಳು ಬಂದರೆ ಗುಮಾಸ್ತರ ಗತಿಯೇನೆಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ನನ್ನ ಮಟ್ಟಿಗೆ ಲಯನ್ಸಿನ ಕತೆ ಒಂದು ದಾರಿ ತೋರಿಸುತ್ತದೆ. ಗುಮಾಸ್ತನ ಬೆರಳು ಮಾಡುತ್ತಿದ್ದ ಕೆಲಸವನ್ನು ಯಂತ್ರಕ್ಕೆ ಕೊಡಬಹುದು. ಅವನ ಹುಬ್ಬು ಮಾಡುತ್ತಿದ್ದ ಕೆಲಸವನ್ನು ಕೊಡುವಂತಿಲ್ಲ. ಹುಬ್ಬೇರಿಸುವವರನ್ನೆಲ್ಲ ಮನೆಗೆ ಕಳುಹಿಸಿ ಉಳಿಸಿದ ಹಣವನ್ನು ಲಾಭವೆಂದು ಬರೆದುಕೊಂಡವನು ಮುಂದೊಂದು ದಿನ ಅದರ ಬಡ್ಡಿಯನ್ನು ಕಟ್ಟುತ್ತಾನೆ.

ಎರಡು ಏರ್ಪಾಡುಗಳಲ್ಲಿಯೂ ಒಂದು ದೂರವಾಣಿಯಿತ್ತು. 1954ರಲ್ಲಿ ಕ್ಯಾಡ್ಬಿ ಹಾಲಿನಿಂದ ಚಹದಂಗಡಿಗೆ ಕರೆ ಹೋಗುತ್ತಿತ್ತು. ಆ ಧ್ವನಿ ಕೇಳುತ್ತಿದ್ದುದು, ನಾಳೆಗೆ ಏನಾದರೂ ಬೇರೆಯಿದೆಯೆ ಎಂದು. ಹೊರೈಜನ್ ಕಾಲದಲ್ಲಿ ಅಂಚೆಯವರೇ ಸಹಾಯವಾಣಿಗೆ ಕರೆ ಮಾಡುತ್ತಿದ್ದರು, ಲೆಕ್ಕ ಹೊಂದುತ್ತಿಲ್ಲವೆಂದು. ಈ ತೊಂದರೆ ನಿಮ್ಮೊಬ್ಬರಿಗೇ, ಬೇರೆ ಯಾರಿಗೂ ಇಲ್ಲ ಎಂಬ ಉತ್ತರ ತಮಗೆ ಬಂದಿತೆಂದು ಅವರಲ್ಲಿ ಅನೇಕರು ಸಾಕ್ಷ್ಯ ನುಡಿದಿದ್ದಾರೆ.